ಪ್ಲಗ್ಗಿನ ಮೂರನೇ ಕಾಲು

ಸುತ್ತಲಿನ ನಾಲ್ಕು ಬೀದಿಗಳಿಗೆ ಅವಳು ‘ಟೆಸ್ಟರ್ ಅಕ್ಕ’. ತಲೆಗೂದಲನ್ನು ಗಂಟು ಹಾಕಿ, ಪಿನ್ನಿನ ಬದಲು ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಾಳೆಂದು ಆ ಹೆಸರು. ಹನ್ನೊಂದು ವರ್ಷ ಅವಳು ಎಲೆಕ್ಟ್ರಿಷಿಯನ್ ಗಂಡನಿಗೆ ಟಾರ್ಚ್ ಹಿಡಿದಿದ್ದಳು. “ಇಲ್ಲಿ ಬಿಡೇ ಬೆಳಕು, ನನ್ನ ಮೂಗಿನ ಮೇಲಲ್ಲ” ಎಂದು ಬೈಸಿಕೊಳ್ಳುತ್ತಲೇ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಲಿತಳು. ಅವನ ಮಂಡಿ ಏಣಿ ಹತ್ತಲು ಒಲ್ಲೆ ಎಂದ ಮೇಲೆ ಸಾಮಾನಿನ ಚೀಲ ಅವಳ ಹೆಗಲಿಗೆ ಬಂತು, ಅಡುಗೆಮನೆ ಅವನ ಪಾಲಿಗೆ ಹೋಯಿತು. ಉಪ್ಪು ಜಾಸ್ತಿಯಾಗಿದೆ ಎಂದು ಇವಳು ಮುಖ ಸಿಂಡರಿಸಿದರೆ, “ನೀನು ಟಾರ್ಚ್ ಹಿಡಿದಿದ್ದರೆ ಸರಿಯಾಗ್ತಿತ್ತು” ಎನ್ನುತ್ತಾನೆ.

ಅಕ್ಕನದು ಒಂದು ವಿಚಿತ್ರ ಪದ್ಧತಿ. ಯಾವ ಮನೆಗೆ ಹೋದರೂ ಮೇನ್ ಬೋರ್ಡ್ ಎಲ್ಲಿದೆ ಎಂದು ಮೊದಲು ಕೇಳುವುದಿಲ್ಲ. “ಈ ಮನೇಲಿ ಬಚ್ಚಲು ತೊಳೆಯೋರು ಯಾರು?” ಎಂದು ಕೇಳುತ್ತಾಳೆ.

“ನಾವೇ” ಎನ್ನುತ್ತಾರೆ ಗಂಡಸರು, ಗತ್ತಿನಿಂದ.

“ನಾವೇ ಅಂದ್ರೆ?”

“ನಾವೇ ಅಂದ್ರೆ... ಇವಳು.”

ಆಮೇಲೆ ಅಕ್ಕ ಗಂಡಸರನ್ನು ಅಲ್ಲೇ ಬಿಟ್ಟು ‘ಇವಳ’ ಹತ್ತಿರ ಮಾತಿಗಿಳಿಯುತ್ತಾಳೆ. ಒದ್ದೆ ಕಾಲಲ್ಲಿ ನಿಂತು, ಒದ್ದೆ ಕೈಯಲ್ಲಿ ಎಲ್ಲವನ್ನೂ ಮುಟ್ಟುವವರಿಗೆ ಗೊತ್ತಿರುವ ಸಂಗತಿ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಇಣುಕುವವರಿಗೆ ಗೊತ್ತಿರುವುದಿಲ್ಲ ಎಂಬುದು ಅವಳ ಅನುಭವ.

ವಿಜ್ಞಾನದ ಮೇಷ್ಟರ ಮನೆಯಲ್ಲಿ ಮಾತ್ರ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

“ಕೆಟ್ಟಿರೋದು ಹಾಲಿನ ಫ್ಯಾನು. ಬಚ್ಚಲಿನ ವಿಚಾರ ಯಾಕೆ?” ಎಂದರು ಮೇಷ್ಟ್ರು. ಎಂಟನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವರು. ಇಪ್ಪತ್ತು ವರ್ಷದಿಂದ ಅದೇ ಪಾಠ, ಅದೇ ಬೋರ್ಡು, ಅದೇ ಬಲ್ಬಿನ ಚಿತ್ರ.

ಫ್ಯಾನು ರಿಪೇರಿ ಮಾಡಿ ಕೈ ತೊಳೆಯಲು ಅಕ್ಕ ಬಚ್ಚಲಿಗೆ ಹೋದಳು. ಒಳಗೆ ಹೊಳೆಹೊಳೆಯುವ ಹೊಸ ಟೈಲ್ಸು. ನಲ್ಲಿಯಿಂದ ಒಂದು ಗೇಣು ಮೇಲೆ ದೀಪದ ಸ್ವಿಚ್ಚು. ಅದರ ಪಕ್ಕದಲ್ಲೇ ಸಾಕೆಟ್ಟು, ಅದರಲ್ಲಿ ವಾಷಿಂಗ್ ಮೆಷಿನ್ನಿನ ಪ್ಲಗ್ಗು. ಸ್ನಾನದ ನೀರು ಚಿಮ್ಮಿ ಸಾಕೆಟ್ಟಿನ ಕೆಳಗೆ ಹಳದಿ ಗೆರೆ ಇಳಿದಿತ್ತು. ಇವೆಲ್ಲ ಅವಳು ದಿನಾ ನೋಡುವಂಥವೇ. ನೋಡದೆ ಇದ್ದದ್ದು ಒಂದು: ಸೋಪಿನ ಡಬ್ಬಿಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಮರದ ಸೌಟು.

“ಇದ್ಯಾಕಮ್ಮ ಇಲ್ಲಿ?” ಬಟ್ಟೆಯ ರಾಶಿ ಹೊತ್ತು ಬಂದ ಮೇಷ್ಟರ ಹೆಂಡತಿಯನ್ನು ಕೇಳಿದಳು.

ಆಕೆ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು, ಸೌಟಿನ ತುದಿಯಿಂದ ಮೆಷಿನ್ನಿನ ಮುಚ್ಚಳ ಎತ್ತಿ, ದೂರದಿಂದಲೇ ಬಟ್ಟೆ ಎಸೆದಳು. ಕಾದ ಎಣ್ಣೆಗೆ ಏನನ್ನೋ ಬಿಡುವವಳ ಹಾಗೆ.

“ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೆ” ಎಂದಳು ಆಮೇಲೆ. “ಹೋದ ವಾರ ಮಾತ್ರ ಸ್ವಲ್ಪ ಜಾಸ್ತಿ ಅಂತು. ಆ ಗೋಡೆವರೆಗೂ ಹೋಗಿ ಬಿದ್ದೆ.”

ಅಕ್ಕ ಮೊದಲು ಹೊರಗೆ ಹೋಗಿ ಮೇನ್ ಆಫ್ ಮಾಡಿದಳು. ಬಂದು ಪ್ಲಗ್ಗು ಕಿತ್ತು ನೋಡಿದಳು. ಮೂರು ಕಾಲಿರಬೇಕಾದ ಪ್ಲಗ್ಗಿಗೆ ಎರಡೇ ಕಾಲು. ಟೈಲ್ಸ್ ಹಾಕಿದವನ ಸಿಮೆಂಟು ಸಾಕೆಟ್ಟಿನ ಮೇಲಿನ ತೂತಿಗೆ ಮೆತ್ತಿಕೊಂಡಿತ್ತು. ಪ್ಲಗ್ಗು ಒಳಗೆ ಹೋಗದಿದ್ದಾಗ ಮೇಷ್ಟ್ರು ಸಿಮೆಂಟು ಕೆರೆಯುವ ಬದಲು ಕಾಲನ್ನೇ ಮುರಿದಿದ್ದರು.

“ಮೂರನೇದು ಬರೀ ಸಪೋರ್ಟಿಗೆ” ಎಂದರು ಮೇಷ್ಟ್ರು. “ಕರೆಂಟು ಎರಡರಲ್ಲೇ ಹರಿಯೋದು. ಪಾಠದಲ್ಲೇ ಇದೆ.”

“ಸರಿ ಸಾರ್. ಆದ್ರೆ ನಲ್ಲಿ ಕೈಗೆಟುಕೋ ಜಾಗದಲ್ಲಿ ಸಾಕೆಟ್ಟೇ ಇರಬಾರದು. ಸ್ವಿಚ್ಚೂ ಬಾಗಿಲ ಹೊರಗಿರಬೇಕು. ಎರಡನ್ನೂ ಆಚೆ ಹಾಕಿಬಿಡ್ತೀನಿ.”

“ಒಂದು ಟೈಲ್ಸೂ ಒಡೆಯಬಾರದು! ಹೊಸದು! ಅವಳಿಗೆ ಎಲ್ಲಾದಕ್ಕೂ ಭಯ. ನನಗ್ಯಾವತ್ತೂ ಹೊಡೆದಿಲ್ಲ.”

“ಮೆಷಿನ್ ಯಾವತ್ತು ಮುಟ್ಟಿದೀರಿ?”

ಮೇಷ್ಟ್ರಿಗೆ ಆಗಲೇ ಏನೋ ಕೆಲಸ ನೆನಪಾಯಿತು.

ಅಕ್ಕ ಜಗಳ ಆಡುವವಳಲ್ಲ. ಜಗಳಕ್ಕಿಂತ ಒಳ್ಳೆಯ ಸಾಮಾನು ಅವಳ ಚೀಲದಲ್ಲಿ ಇರುತ್ತದೆ. “ಟೈಲ್ಸ್ ಮುಟ್ಟಲ್ಲ ಸಾರ್. ಸದ್ಯಕ್ಕೆ ಈ ತೂತು ಕೆರೆದು, ಮೂರು ಕಾಲಿನ ಪ್ಲಗ್ ಹಾಕ್ತೀನಿ. ಮೇನ್ ಬೋರ್ಡಲ್ಲಿ ಒಂದು ಲೀಕೇಜ್ ಬ್ರೇಕರ್ ಕೂರಿಸ್ತೀನಿ. ನಿಮಗೆ ಗೊತ್ತೇ ಇರುತ್ತಲ್ಲ, ಮೇಷ್ಟ್ರು ನೀವು.”

“ಗೊತ್ತಿಲ್ದೆ ಏನು?” ಎಂದು ಮೇಷ್ಟ್ರು ತಲೆ ಆಡಿಸಿದರು. ಗೊತ್ತಿರಲಿಲ್ಲ. ಹೋದ ಕರೆಂಟು ಪೂರ್ತಿ ಹಿಂತಿರುಗದೆ ಎಲ್ಲಾದರೂ ಸೋರಿದರೆ, ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿದುಹಾಕುವ ಪೆಟ್ಟಿಗೆ ಅದು. ಅದನ್ನು ಬಚ್ಚಲಿಗೆ ಮಾತ್ರವೂ ಹಾಕಬಹುದು, ಇಡೀ ಮನೆಗೂ ಹಾಕಬಹುದು. ಅಕ್ಕ ಇಡೀ ಮನೆಗೆ ಹಾಕಿದಳು. ಹೋಗುವಾಗ ಹೆಂಡತಿಯ ಕಿವಿಯಲ್ಲಿ, “ಮನೆ ಕತ್ತಲಾದ್ರೆ ನೀವು ಗಾಬರಿ ಆಗ್ಬೇಡಿ. ಗಾಬರಿ ಆಗೋ ಕೆಲಸ ಅವರಿಗೆ ಬಿಡಿ” ಎಂದಳು.

ರಜೆಯ ದಿನ ಮಧ್ಯಾಹ್ನ ಫೋನ್ ಬಂತು.

“ಏನ್ರೀ ಹಾಕಿದೀರಿ ನೀವು? ಟೀವೀಲಿ ಕೊನೇ ಓವರ್ ನಡೀತಿದೆ, ಮೂರು ಸಲ ಕರೆಂಟ್ ಹೋಯ್ತು! ಇವಳು ಮೆಷಿನ್ ಹಾಕಿದಾಗೆಲ್ಲ ಹೋಗುತ್ತೆ! ಬಂದು ಕಿತ್ತು ಹಾಕಿ!”

ಅಕ್ಕ ಊಟ ಮುಗಿಸಿ, ಗಂಡನ ಕೈಯ ಮಜ್ಜಿಗೆ ಕುಡಿದು, ನಿಧಾನವಾಗಿ ಹೋದಳು. ಮನೆಯಲ್ಲಿ ಮೇಷ್ಟ್ರು ಕಪ್ಪು ಪರದೆಯ ಮುಂದೆ ಶತಪಥ ಹಾಕುತ್ತಿದ್ದರು.

“ಕಿತ್ತು ಹಾಕ್ತೀನಿ ಸಾರ್, ನನಗೇನಂತೆ. ಒಂದೇ ಒಂದು ಕೆಲಸ ಇದೆ. ಮೆಷಿನ್ನಿನ ಹೀಟರಿಂದ ಕರೆಂಟು ಸೋರ್ತಿದೆ. ಇಷ್ಟು ದಿನ ಆ ಕರೆಂಟು ಇವರ ಮೈಮೇಲೆ ಹರಿದು ನೆಲಕ್ಕೆ ಹೋಗ್ತಿತ್ತು. ಈಗ ಮೂರನೇ ಕಾಲಿನ ಅರ್ತ್ ತಂತೀಲಿ ಹೋಗ್ತಿದೆ, ಅದಕ್ಕೇ ಬ್ರೇಕರು ಲೈನ್ ಕಡೀತಿದೆ. ಇದನ್ನ ಕಿತ್ತು, ಆ ಕಾಲನ್ನೂ ಮುರಿದ್ರೆ ನಿಮ್ಮ ಟೀವಿ ಆರಾಮಾಗಿ ಓಡುತ್ತೆ. ನೀವು ಚಪ್ಪಲಿ ಬಿಟ್ಟು, ಆ ಒದ್ದೇಲಿ ನಿಂತು, ಬರೀ ಕೈಯಲ್ಲಿ ಮುಚ್ಚಳ ತೆಗೀತೀನಿ ಅಂದ್ರೆ ಈಗಲೇ ಮಾಡ್ತೀನಿ.”

ಮೇಷ್ಟ್ರು ಬಚ್ಚಲ ಬಾಗಿಲವರೆಗೆ ಹೋದರು. ಚಪ್ಪಲಿ ಬಿಡಲು ಒಂದು ಕಾಲು ಎತ್ತಿದರು. ಒದ್ದೆ ನೆಲ ನೋಡಿದರು, ಬೋರಲು ಬಿದ್ದ ಬಕೆಟ್ಟು ನೋಡಿದರು, ಮೊಳೆಯಲ್ಲಿದ್ದ ಸೌಟು ನೋಡಿದರು. ಕಾಲು ಮತ್ತೆ ಚಪ್ಪಲಿಗೇ ಇಳಿಯಿತು.

“ಯಾವಾಗಿಂದ?” ಎಂದು ಹೆಂಡತಿಯನ್ನು ಕೇಳಿದರು.

“ಮೆಷಿನ್ ಬಂದಾಗಿಂದ.”

“ಹೇಳಬಾರದಿತ್ತಾ?”

“ಹೇಳಿದ್ದೆ. ಒಳ್ಳೇದೇ, ರಕ್ತ ಚೆನ್ನಾಗಿ ಓಡಾಡುತ್ತೆ ಅಂದ್ರಿ.”

ಹಾಲಿನಲ್ಲಿ ಕೂತಿದ್ದ ಮೇಷ್ಟರ ತಾಯಿಗೆ ಮಗನ ಮುಖ ನೋಡಿ ಕನಿಕರ ಬಂತೋ ಏನೋ, “ನಮ್ಮ ಸೊಸೆ ಭೂಮಿತೂಕದವಳಮ್ಮ. ಏನು ಬಂದ್ರೂ ತಡ್ಕೋತಾಳೆ” ಎಂದರು.

“ತೊಂದರೆ ಅದೇ ಅಜ್ಜಿ” ಎಂದಳು ಅಕ್ಕ. “ಕರೆಂಟೂ ಹಾಗೇ ತಿಳ್ಕೊಂಡಿದೆ. ಅರ್ತ್ ಅಂದ್ರೆ ಭೂಮಿ ತಾನೆ? ತಂತಿ ಇಲ್ದಿದ್ರೇನು, ಇವರಿದಾರಲ್ಲ ಅಂತ ಇವರೊಳಗೇ ಇಳೀತಿತ್ತು.”

ಅಜ್ಜಿ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. “ಲೋ, ಒಡೆಸೋ ಆ ಟೈಲ್ಸು!”

ಒಡೆದದ್ದು ನಾಲ್ಕೇ ಟೈಲ್ಸು. ಸಾಕೆಟ್ಟಿದ್ದ ಜಾಗವನ್ನು ಅಕ್ಕ ತಂತಿಯ ಸಮೇತ ತೆಗೆದು ಮುಚ್ಚಿದಳು. ದೀಪದ ಸ್ವಿಚ್ಚು ಬಾಗಿಲ ಹೊರಗೆ ಬಂತು. ಮೆಷಿನ್ನಿಗೆ ಹೊಸ ಹೀಟರು ಬಂತು. ಮೆಷಿನ್ನನ್ನು ಎಲ್ಲಿಡುವುದು ಎಂಬುದೇ ದೊಡ್ಡ ಚರ್ಚೆ. ಅಡುಗೆಮನೆಯಲ್ಲಿ ಜಾಗವಿಲ್ಲ, ಮಲಗುವ ಕೋಣೆಯಲ್ಲಿ ನೀರಿಲ್ಲ. ಅಕ್ಕ ಅಳತೆ ಪಟ್ಟಿ ಹಿಡಿದು ಮನೆಯೆಲ್ಲ ಓಡಾಡಿ, ಒಣಗಿದ ನೆಲ, ಒಳ್ಳೆಯ ಅರ್ತು, ಪೈಪಿಗೆ ದಾರಿ ಎಲ್ಲವೂ ಇರುವ ಒಂದೇ ಜಾಗ ತೋರಿಸಿದಳು: ಹಾಲಿನಲ್ಲಿ, ಟೀವಿಗೂ ಮೇಷ್ಟರ ಕುರ್ಚಿಗೂ ನಡುವಿನ ಗೋಡೆ.

“ಬೇರೆ ಎಲ್ಲೂ ಇಲ್ವಾ?” ಎಂದರು ಮೇಷ್ಟ್ರು.

“ಸುರಕ್ಷತೆ ಸಾರ್” ಎಂದಳು ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

ಮೊದಲ ಸಲ ಓಡಿಸುವಾಗ ಅಕ್ಕ ಟೆಸ್ಟರ್ ಹಿಡಿದು ಮೆಷಿನ್ನಿನ ಮೈಯೆಲ್ಲ ನೋಡಿ, “ಮುಟ್ಟಿ” ಎಂದಳು. ಹೆಂಡತಿ ಮೊದಲು ಬೆರಳ ಹಿಂಬದಿ ತಾಗಿಸಿ ಹಿಂದೆಗೆದಳು. ಮತ್ತೆ ತಾಗಿಸಿದಳು. ಕೊನೆಗೆ ಇಡೀ ಅಂಗೈಯನ್ನು ಮುಚ್ಚಳದ ಮೇಲೆ ಊರಿ, ಅದು ಗಡಗಡ ಎನ್ನುವಷ್ಟು ಹೊತ್ತೂ ಹಾಗೇ ನಿಂತಳು. ಆಮೇಲೆ ಹೋಗಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು. ಅದು ಮೇಷ್ಟರದು. ಮೇಷ್ಟ್ರು ಮೆಷಿನ್ನಿಗೆ ಒರಗಿ ನಿಂತೇ ಟೀವಿ ನೋಡುತ್ತಿದ್ದರು.

ಒಗೆತ ಮುಗಿದು ಮೆಷಿನ್ನು ಕೀ ಕೀ ಎಂದು ಕೂಗಿತು. ಮೇಷ್ಟ್ರು, ಅಜ್ಜಿ ಇಬ್ಬರೂ ಅಭ್ಯಾಸಬಲದಿಂದ ಅವಳ ಕಡೆ ನೋಡಿದರು.

ಅವಳು ಕಾಲು ಚಾಚಿದಳು.

“ನಿಮಗೇ ಹತ್ತಿರ” ಎಂದಳು.