ಬಾಯಲ್ಲಿಟ್ಟ ವಾಷರ್

ಲಾರಿಯವರೆಲ್ಲ ನನ್ನ ಗಂಡನನ್ನು ಕರೆಯುವುದು ‘ಹ್ಞೂಂ ಮೇಸ್ತ್ರಿ’ ಎಂದು. ಕೆಲಸದ ನಡುವೆ ಏನು ಕೇಳಿದರೂ ‘ಹ್ಞೂಂ’ ಇಲ್ಲವೇ ‘ಊಹ್ಞೂಂ’, ಮೂರನೆಯ ಮಾತಿಲ್ಲ. ಹೊಸಬರು ಇದನ್ನು ಗರ್ವ ಎಂದುಕೊಳ್ಳುತ್ತಾರೆ. ಗರ್ವವೂ ಇಲ್ಲ, ಮಣ್ಣೂ ಇಲ್ಲ. ಬಾಯಿ ತುಂಬ ವಾಷರ್ ಇರುತ್ತವೆ, ಅಷ್ಟೆ. ಮನೆಗೆ ಬಂದರೆ ಇದೇ ಮನುಷ್ಯ ನನ್ನ ಕಿವಿ ತೂತಾಗುವಷ್ಟು ಮಾತಾಡುತ್ತಾರೆ.

ಬಾಯಲ್ಲಿ ವಾಷರ್ ಇಟ್ಟುಕೊಳ್ಳುವುದನ್ನು ಅವರಿಗೆ ಕಲಿಸಿದ್ದು ಅವರ ಗುರು. ‘ಎಂಜಿನ್ ಮೇಲಿಟ್ಟರೆ ಉರುಳಿ ಒಳಗೆ ಬೀಳುತ್ತೆ, ನೆಲದ ಮೇಲಿಟ್ಟರೆ ಬಗ್ಗಬೇಕು, ಬಾಯಿ ಅನ್ನೋದು ಮೂರನೇ ಕೈ’ ಎಂದಿದ್ದರಂತೆ. ಆ ಪುಣ್ಯಾತ್ಮನ ಮಾತು ಇವರಿಗೆ ವೇದವಾಯಿತು. ನಾನು ಮದುವೆಯಾದಾಗಿನಿಂದ ಬೈಯುತ್ತಿದ್ದೇನೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಗ್ಯಾರೇಜಿನಲ್ಲಿ ಇರುವುದು ನಾವಿಬ್ಬರೇ. ಬಿಡಿಭಾಗಗಳ ಕಪಾಟು ನನ್ನದು, ಲೈಟ್ ಹಿಡಿಯುವುದು ನನ್ನದು, ಬೈಯುವುದೂ ನನ್ನದೇ.

ಆವತ್ತು ಬಂದದ್ದು ನನ್ನ ತಮ್ಮನ ಲಾರಿ. ಅಮ್ಮ ತೀರಿಕೊಂಡ ಮೇಲೆ ನನ್ನ ಸೊಂಟದ ಮೇಲೇ ಬೆಳೆದವನು ಅವನು. ಹಿಂದೆ ಉದ್ದುದ್ದ ಕಬ್ಬಿಣದ ಸಲಾಕೆಗಳ ಲೋಡು. ಬೆಟ್ಟದ ಆಚೆ, ಕೆಳಗಿನ ಊರಿಗೆ ಇಳಿಸಬೇಕಿತ್ತು.

“ಭಾವ, ಕ್ಯಾಬಿನ್ ಒಳಗೆಲ್ಲ ಸುಟ್ಟ ಆಯಿಲ್ ವಾಸನೆ. ತಲೆ ಸಿಡೀತಾ ಇದೆ” ಅಂದ.

ಕ್ಯಾಬಿನ್ ಮುಂದಕ್ಕೆ ಬಗ್ಗಿಸಿ ನೋಡಿದರೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ, ಅಂಚಿನಲ್ಲೆಲ್ಲ ಆಯಿಲ್ ಜಿನುಗಿಸುತ್ತಿತ್ತು. ಜಿನುಗಿದ್ದು ಕಾದ ಸೈಲೆನ್ಸರ್ ಪೈಪಿನ ಬುಡಕ್ಕೆ ತೊಟ್ಟಿಕ್ಕಿ ಹೊಗೆಯಾಡುತ್ತಿತ್ತು. “ಇನ್ನೊಂದು ವಾರ ಹೀಗೇ ಓಡಿಸಿದ್ರೆ ಬೆಂಕಿ ಕಾಯಿಸ್ಕೋಬಹುದಿತ್ತು ನೀನು” ಎಂದು ನನ್ನ ಗಂಡ ಕವರ್ ಬಿಚ್ಚಿದರು. ಅಡಿಯ ಕಾರ್ಕ್ ಪ್ಯಾಕಿಂಗ್ ಬೆಂದು ಒಣ ತೊಗಟೆಯಾಗಿತ್ತು. ಚೂರು ಒಳಗೆ ಬೀಳದಂತೆ ಎಂಜಿನ್ ಮೇಲೆ ಬಟ್ಟೆ ಹರಡಿ, ಬ್ಲೇಡಿನಿಂದ ಕೆರೆದು, ಒರೆಸಿ, ಹೊಸ ಪ್ಯಾಕಿಂಗ್ ಕೂರಿಸಿದರು. ಬಟ್ಟೆ ತೆಗೆದರು. ನಾಲ್ಕು ನಟ್ಟಿನ ನಾಲ್ಕು ವಾಷರ್ ಬಾಯಿಗೆ ಹೋದವು. ಪ್ಯಾಕಿಂಗ್ ಎಲ್ಲಾದರೂ ಸರಿದಿದೆಯೇ ಎಂದು ಕೊನೆಯ ಸಲ ಬಗ್ಗಿ ನೋಡುತ್ತಿದ್ದರು.

ನನ್ನ ತಮ್ಮನಿಗೆ ಸುಮ್ಮನಿದ್ದರೆ ನಾಲಿಗೆ ಕೆರೆಯುತ್ತದೆ. “ಅಕ್ಕಾ, ಭಾವನ ಬಾಯಿ ಮುಚ್ಚೋಕೆ ನಾಲ್ಕು ವಾಷರ್ ಸಾಕು ನೋಡು. ಮನೇಲೂ ನಾಲ್ಕು ಇಟ್ಕೊಂಡಿರು” ಅಂದ.

ನಾನಾದರೂ ಸುಮ್ಮನಿರಬಾರದಿತ್ತೇ? “ಮನೇಲಿ ಇದು ಸಾಲಲ್ಲ ಕಣೋ, ಲಾರಿ ಚಕ್ರಾನೇ ಬಿಚ್ಚಿ ತುರುಕಬೇಕು” ಎಂದೆ.

ಅವರಿಗೆ ನಗು ಉಕ್ಕಿತು. ನಗು ಕೆಮ್ಮಾಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಮೇಲೆ ಕವರ್ ಕೂರಿಸಿ, ಬಾಯಿಂದ ಒಂದೊಂದೇ ವಾಷರ್ ತೆಗೆದರು. ಮೂರೇ ಬಂದವು. “ಎಲ್ಲೋ ಕೆಳಗೆ ಬಿತ್ತು” ಎಂದು ಡಬ್ಬಿಯಿಂದ ಇನ್ನೊಂದು ತೆಗೆದು ಹಾಕಿದರು. ಕಾರ್ಕ್ ಸೀಳದ ಹಾಗೆ ನಟ್ಟುಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಎಂಜಿನ್ ಓಡಿಸಿ ಅಂಚಿನ ಸುತ್ತ ಬೆರಳಾಡಿಸಿದರು. ಒಂದು ಹನಿಯೂ ಇಲ್ಲ. “ಬರ್ತೀನಕ್ಕಾ” ಎಂದು ತಮ್ಮ ಹೊರಟ.

ಕೆಲಸ ಮುಗಿದ ಮೇಲೆ ನಾನು ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆಲ್ಲ ಎಳೆಯುತ್ತೇನೆ. ಬಿದ್ದ ನಟ್ಟು, ಮೊಳೆ ಎಲ್ಲ ಅಂಟಿಕೊಂಡು ಬರುತ್ತವೆ. ಆವತ್ತು ಊಟ ಮುಗಿಸಿ ಬಂದು ಎಳೆದೆ. ಒಂದು ಮೊಳೆ, ತಂತಿಯ ಚೂರು. ವಾಷರ್ ಇಲ್ಲ. ಅವರು ಕೋಲು ಕಿತ್ತುಕೊಂಡು ತಾವೇ ಎಳೆದರು. ಬೆಂಚಿನ ಕೆಳಗೆ, ಚರಂಡಿಯ ಅಂಚಿಗೆ, ಟೈರುಗಳ ಹಿಂದೆ. ಇಲ್ಲ. ಬಾಯಲ್ಲಿ ಏನೂ ಇಲ್ಲದೆಯೇ ಅವರು ಮೂಕರಾದರು.

“ಏನ್ರೀ?”

“ನಾನು ಕೆಮ್ಮಿದಾಗ ಕವರ್ ಹಾಕಿರಲಿಲ್ಲ ಕಣೇ.”

ಅವರು ಬಿಡಿಸಿ ಹೇಳುವುದೇ ಬೇಕಿರಲಿಲ್ಲ, ಆದರೂ ಹೇಳಿದರು. ವಾಷರ್ ಎಂಜಿನ್ ಒಳಗೆ ಬಿದ್ದಿದ್ದರೆ ಎಲ್ಲೋ ಒಂದು ಕಡೆ ಸುಮ್ಮನೆ ಕೂತಿರಬಹುದು. ಇಲ್ಲವೇ ಕುಲುಕಾಟಕ್ಕೆ ಸರಿದು ವಾಲ್ವಿನ ಬಳಿ ಸಿಕ್ಕಿಕೊಂಡು ಎಂಜಿನ್ನನ್ನೇ ಹಿಡಿದು ನಿಲ್ಲಿಸಬಹುದು. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಗಾಳಿ ತುಂಬುವುದಿಲ್ಲ. ಹಿಂದೆ ಸಲಾಕೆಗಳು. ಅವು ಕ್ಯಾಬಿನ್ನಿನ ಕಡೆಗೇ ಮುಖ ಮಾಡಿ ಮಲಗಿರುತ್ತವೆ.

ಫೋನ್ ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ತಮ್ಮ, ಲಾರಿ ಓಡಿಸುವಾಗ ಫೋನ್ ಮುಟ್ಟುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಾನೆ. ಆಣೆ ಹಾಕಿಸಿದವಳೂ ನಾನೇ. ಬೆಟ್ಟದ ತುದಿಯ ಚಹಾ ಅಂಗಡಿಯವನಿಗೆ ಅವರು ಫೋನ್ ಮಾಡಿದರು. “ಸಲಾಕೆ ಲಾರಿನಾ? ಈಗ ತಾನೇ ಇಳೀತಲ್ಲ” ಅಂದ ಅವನು. ಇನ್ನು ತಮ್ಮನನ್ನು ಯಾರೂ ತಡೆಯುವಂತಿರಲಿಲ್ಲ.

“ರೀ, ನುಂಗಿದ ಹಾಗೇನಾದ್ರೂ ಅನ್ನಿಸ್ತಾ?”

“ಗಂಟಲಲ್ಲಿ ಏನೋ ಜಾರಿದ ಹಾಗಿತ್ತು. ಕೆಮ್ಮಿನ ಭರದಲ್ಲಿ ಗೊತ್ತಾಗ್ಲಿಲ್ಲ.”

“ಹಾಗಿದ್ರೆ ನಡೀರಿ, ಎಕ್ಸ್‌ರೇ ತೆಗೆಸೋಣ.”

ಸ್ಕೂಟರಿನಲ್ಲಿ ಹೋಗುವಾಗ ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಈ ಬೆನ್ನಿನ ಆಚೆ, ಈ ಹೊಟ್ಟೆಯಲ್ಲಿ ಅದು ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾವ ಹೆಂಡತಿ ಹೀಗೆ ಬೇಡುತ್ತಾಳೆ? ಕಬ್ಬಿಣ ಕರುಳು ಕೊಯ್ದರೆ? ಆದರೂ ಬೇಡಿದೆ. ಇರಲಿ ದೇವರೇ, ಇವರ ಹೊಟ್ಟೆಯಲ್ಲೇ ಇರಲಿ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ನಾನು ಪುಲಿಯನ್ನೇ ಕೈಬೀಸಿ ಕರೆಯುತ್ತಿದ್ದೆ.

ಎಕ್ಸ್‌ರೇ ತೆಗೆಯುವ ಹುಡುಗಿ, “ವಾಷರ್ ಯಾಕೆ ನುಂಗಿದ್ರಿ?” ಎಂದು ಕೇಳಿದಳು.

“ನುಂಗಿದ್ದಾರೋ ಇಲ್ವೋ ನೋಡೋಕೇ ಬಂದಿರೋದು ತಾಯಿ. ಬೇಗ ನೋಡು” ಎಂದೆ. ಅವಳು ಅಂಗಿ ಬಿಚ್ಚಲು ಹೇಳಿ ಅವರನ್ನು ಒಳಗೆ ಕರೆದುಕೊಂಡು ಹೋದಳು. ನಾನು ಬೆಂಚಿನ ಮೇಲೆ ಕೂತು ಮತ್ತೆ ಫೋನ್ ಮಾಡಿದೆ. ಈ ಸಲ ರಿಂಗೂ ಆಗಲಿಲ್ಲ. ಬೆಟ್ಟದ ತಿರುವುಗಳಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತು. ಗೊತ್ತಿದ್ದರೂ ಇನ್ನೊಮ್ಮೆ ಮಾಡಿದೆ.

ಡಾಕ್ಟರು ಕರೆದರು. ಪರದೆಯ ಮೇಲೆ ಬೂದಿ ಬಣ್ಣದ ಪಕ್ಕೆಲುಬುಗಳು, ಅವುಗಳ ಕೆಳಗೆ ಎಡಕ್ಕೆ ದುಂಡಗೆ, ಬೆಳ್ಳಗೆ, ನಡುವೆ ತೂತಿನ ಸಮೇತ ಕೂತಿತ್ತು.

“ಇದೆ!” ಎಂದು ಕೂಗಿಬಿಟ್ಟೆ. ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಆ ಪರದೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದೆ.

ಡಾಕ್ಟರು ಕನ್ನಡಕ ಮೇಲೇರಿಸಿದರು. “ಯಾಕಮ್ಮ ನಗ್ತೀರಿ? ತಾನಾಗೇ ಹೊರಗೆ ಹೋದ್ರೆ ಸರಿ. ಎಲ್ಲಾದ್ರೂ ಸಿಕ್ಕಿಕೊಂಡ್ರೆ ಹೊಟ್ಟೆ ಕುಯ್ಯಬೇಕಾಗುತ್ತೆ. ಇವರಿಗೆ ಅಪಾಯ ಇಲ್ಲ ಅಂತ ನಾನಿನ್ನೂ ಹೇಳೇ ಇಲ್ಲ.”

ಅವರು ನನ್ನ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ ಎಂದು ಆಗ ಹೊಳೆಯಿತು. ತಿರುಗಿ ಮುಖ ನೋಡುವ ಧೈರ್ಯವಾಗಲಿಲ್ಲ.

“ನಗಲಿ ಬಿಡಿ ಡಾಕ್ಟ್ರೇ” ಅಂದರು ಅವರು. “ಅವಳ ತಮ್ಮ ಬೆಟ್ಟ ಇಳೀತಾ ಇದ್ದಾನೆ. ನಾನೂ ಅದನ್ನೇ ಬೇಡ್ಕೊಂಡಿದ್ದು.”

ತಿರುಗಿದೆ. ಮುಖದಲ್ಲಿ ನಗುವಿತ್ತು. ಅಂಗಿ ತೊಟ್ಟಿದ್ದರು, ಗುಂಡಿ ಹಾಕಲು ನೋಡುತ್ತಿದ್ದರು. ಎಂಥ ಸಣ್ಣ ನಟ್ಟನ್ನೂ ಕತ್ತಲಲ್ಲೇ ಕೂರಿಸುವ ಬೆರಳುಗಳು ನಡುಗಿ ನಡುಗಿ ಗುಂಡಿಯನ್ನು ಕಾಜಕ್ಕೆ ತಲುಪಿಸಲಾರದೆ ಒದ್ದಾಡುತ್ತಿದ್ದವು. ನಾನೇ ಹತ್ತಿರ ಹೋಗಿ ಒಂದೊಂದಾಗಿ ಹಾಕಿದೆ. ಹೊಟ್ಟೆಯ ಮೇಲಿನ ಗುಂಡಿ ಹಾಕಿದ ಮೇಲೂ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.