ಪುಸ್ತಕ ಕೇಳಿಕೊಂಡು ಬೇಯಿಸಿದ ಕಣಿಲೆ

"ಅಕ್ಕಾ, ಪಾಯಸಕ್ಕೆ ಸಾಸಿವೆ ಒಗ್ಗರಣೆ ಹಾಕೋದು ಯಾವ ಕಡೆಯವರು?"

ಮಳೆ ಶುರುವಾದ ಹೊಸದರಲ್ಲಿ ಬಂದ ಫೋನ್ ಇದು. ಹೆಸರು ಸರೋಜಾ, ಮೂರ್ನಾಡಿನಲ್ಲಿ ಹಿಂದಿ ಟೀಚರ್ ಅಂತ ಪರಿಚಯ ಹೇಳಿಕೊಂಡರು. ಯಾವ ಕಡೆಯವರೂ ಹಾಕಲ್ಲ ಅಂದೆ.

"ನಿಮ್ಮ ಪುಸ್ತಕದಲ್ಲೇ ಇದೆಯಲ್ಲ!"

ನಮ್ಮ ಪುಸ್ತಕ ಅಂದರೆ, ಕುಶಾಲನಗರದ ನಾವೊಂದಿಷ್ಟು ಹೆಂಗಸರು ಸೇರಿ ತಂದ ಮಳೆಗಾಲದ ಅಡುಗೆ ಪುಸ್ತಕ. (ನಿಮ್ಮಲ್ಲಿ ಕೆಲವರು ಕೊಂಡಿದ್ದೀರಿ. ಅದರಲ್ಲಿ ನೋಡಿ ಅಡುಗೆ ಮಾಡಿದ್ದೀರಾ ಅಂತ ಕೇಳುವ ಧೈರ್ಯ ನನಗಿಲ್ಲ.) ಹಾಸನದಿಂದ ಬಂದು ನೆಲೆಸಿದ ನಮ್ಮಂಥವರ ಹುರುಳಿ ಸಾರು, ಕೊಡವರ ಮನೆಯ ಕಡಂಬುಟ್ಟು, ಅರೆಭಾಷೆಯವರ ಪತ್ರೊಡೆ, ಎಲ್ಲಾ ಇದೆ. ಪುಟಕ್ಕೆ ಎರಡು ಕಾಲಂ. ಎಡಗಡೆ ಪಾಯಸ ಇದ್ದರೆ ಬಲಗಡೆ ಹುರುಳಿ ಸಾರು.

ಸರೋಜಾ ಅವರಿಗೆ ಕಣ್ಣು ಕಾಣುವುದಿಲ್ಲ. ವರ್ಷಗಳಿಂದ ಮಸುಕಾಗುತ್ತಾ ಬಂದು ಈಗ ಪೂರ್ತಿ ಹೋಗಿದೆ. ಫೋನ್ ಓದುತ್ತದೆ, ಅವರು ಕೇಳಿಸಿಕೊಳ್ಳುತ್ತಾರೆ. ನಾವು ವಾಟ್ಸಾಪ್‌ನಲ್ಲಿ ಹಂಚಿದ್ದ ಪಿಡಿಎಫ್‌ನಲ್ಲಿ ಕಾಲಂ ಇದೆ ಅಂತ ಫೋನಿಗೇನು ಗೊತ್ತು? ಈ ಸಾಲು, ಪಕ್ಕದ ಸಾಲು ಎರಡನ್ನೂ ಸೇರಿಸಿ ಒಂದೇ ಓಟದಲ್ಲಿ ಓದಿಬಿಟ್ಟಿದೆ!

ಇಬ್ಬರೂ ನಕ್ಕೆವು. ಆಮೇಲೆ ಅವರು ಹೇಳಿದ್ದು ಮಾತ್ರ ನಗುವಂಥದ್ದಲ್ಲ.

ಕಣ್ಣು ಹೋದ ಮೇಲೆ ಮನೆಯವರು ಅವರನ್ನು ಒಲೆ ಹತ್ತಿರ ಬಿಟ್ಟಿಲ್ಲ. ಗಂಡ ದಿನೇಶ್ ಎಸ್ಟೇಟ್ ಒಂದರಲ್ಲಿ ರೈಟರ್. ಲೆಕ್ಕ, ಹಾಜರಿ ನೋಡಿಕೊಳ್ಳುವವರು. ಬೆಳಿಗ್ಗೆ ಎದ್ದು ಅಡುಗೆ ಮುಗಿಸಿಯೇ ಕೆಲಸಕ್ಕೆ ಹೋಗುತ್ತಾರೆ.

"ಪ್ರೀತಿಯಿಂದ್ಲೇ ಮಾಡ್ತಾರೆ ಅಕ್ಕಾ. ಆದ್ರೆ ನನ್ನ ಅಡುಗೆಮನೇಲಿ ನಾನೇ ನೆಂಟರ ಥರ ಕೂತಿರ್ತೀನಿ."

ಹಟ ಮಾಡಿ ಒಂದು ಭಾನುವಾರ ಒಲೆ ಹಚ್ಚಿದ್ದಾರೆ. ಫೋನಿನ ಓದು ಎಲ್ಲಿಂದ ಎಲ್ಲಿಗೋ ಹಾರಿದೆ. ಒದ್ದೆ ಬೆರಳಲ್ಲಿ ಮತ್ತೆ ಆ ಜಾಗ ಹುಡುಕುವಷ್ಟರಲ್ಲಿ ತೆಂಗಿನಕಾಯಿ ಕರಕಲು. ದಿನೇಶ್ ಓಡಿ ಬಂದು ಗ್ಯಾಸ್ ಆರಿಸಿ, "ಇನ್ನು ಸಾಕು" ಅಂದಿದ್ದಾರೆ.

"ಪುಸ್ತಕ ಸರಿ ಇದ್ರೆ ನಾನು ಮಾಡ್ತೀನಿ" ಅಂದರು ಸರೋಜಾ. ಕೇಳಿಕೊಂಡ ಹಾಗಿರಲಿಲ್ಲ. ಟೀಚರ್ ಹೋಂವರ್ಕ್ ಕೊಟ್ಟ ಹಾಗಿತ್ತು.

ಪುಸ್ತಕದ ಪುಟ ಕಟ್ಟಿದ್ದು ಮಡಿಕೇರಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಅಶ್ರಫ್. ಮೂಲ ಫೈಲ್ ಅವರ ಹತ್ತಿರ ಇತ್ತು. ಅಕ್ಷರವೂ ಯೂನಿಕೋಡ್, ಫೋನಿಗೆ ಓದಲು ಬರುವಂಥದ್ದು. (ಅಷ್ಟು ಪುಣ್ಯ. ಹಳೇ ಫಾಂಟ್ ಆಗಿದ್ದರೆ ಫೋನ್ ಮಾತಾಡುವ ಭಾಷೆ ಯಾವುದೆಂದು ದೇವರಿಗೂ ತಿಳಿಯುತ್ತಿರಲಿಲ್ಲ.)

ಅಶ್ರಫ್ ಮೊದಲು ತೆರೆದದ್ದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಕನ್ವರ್ಟರ್. ಫೈಲ್ ಹಾಕಿದರೆ ಬರೀ ಅಕ್ಷರ ಉದುರಿಸಿ ಕೊಡುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಕಾಲಂ ಬೆರಕೆಯೂ ಹೋಯಿತು. ಖುಷಿಯಲ್ಲಿ ಸರೋಜಾಗೆ ಕಳಿಸಿಯೂ ಬಿಟ್ಟೆ.

ಸಂಜೆ ಸರೋಜಾ ಫೋನ್. "ಅಕ್ಕಾ, ಕಣಿಲೆ ನೆನೆಸೋದೇ ಬೇಡ್ವಾ?"

ತಕ್ಷಣ ಫೈಲ್ ತೆರೆದೆ. ಎಳೇ ಬಿದಿರಿನ ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸದೆ ಬೇಯಿಸಿದರೆ ವಿಷ. ನಾವು ಆ ಎಚ್ಚರಿಕೆಯನ್ನು ಚೆಂದದ ಹಸಿರು ಬಾಕ್ಸಿನಲ್ಲಿ ಹಾಕಿದ್ದೆವು. ಕನ್ವರ್ಟರ್ ಆ ಬಾಕ್ಸನ್ನು ಎತ್ತಿ ಪುಸ್ತಕದ ಕೊನೆಗೆ, ಕೃತಜ್ಞತೆಗಳ ಕೆಳಗೆ ಇಟ್ಟಿತ್ತು! ಸರೋಜಾ ಮಲೆನಾಡಿನ ಹೆಂಗಸು, ಗೊತ್ತಿತ್ತು. ಗೊತ್ತಿಲ್ಲದವರ ಗತಿ?

ಎರಡನೇ ಸಾಫ್ಟ್‌ವೇರ್ ಅಶ್ರಫ್‌ಗೆ ಅಚ್ಚುಮೆಚ್ಚು. ಪುಟ ಇದ್ದ ಹಾಗೇ ಇ-ಪುಸ್ತಕ ಮಾಡುತ್ತದೆ. "ನೋಡಿ ಮೇಡಂ, ಪುಟದ ಸುತ್ತಲ ಬಾರ್ಡರಿನ ಒಂದು ಎಲೆಯೂ ಉದುರಿಲ್ಲ."

"ಎಲೆ ಯಾರು ನೋಡ್ತಾರೆ ಅಶ್ರಫ್?"

ಕೇಳಿಸಿ ನೋಡಿದೆವು. ಪಾಯಸಕ್ಕೆ ಮತ್ತೆ ಸಾಸಿವೆ ಬಿತ್ತು. ಅಶ್ರಫ್ ಆ ಫೈಲ್ ಮುಚ್ಚಿದರು. ಆಮೇಲೆ, "ಇನ್ನೊಂದಿದೆ. ಕೆಲಸ ಜಾಸ್ತಿ" ಅಂದರು.

ಆ ಮೂರನೆಯದು ಅಕ್ಷರದ ಅಂದ ನೋಡುವುದಿಲ್ಲ, ನಾವು ಅದಕ್ಕೆ ಕೊಟ್ಟ ಹೆಸರು ನೋಡುತ್ತದೆ. ಇದು ತಲೆಬರಹ, ಇದು ಸಾಮಾನು, ಇದು ಮಾಡುವ ಹಂತ, ಇದು ಎಚ್ಚರಿಕೆ ಅಂತ ಫೈಲಿನಲ್ಲಿ ಗುರುತಿಸಿದರೆ, ಪ್ರತಿಯೊಂದಕ್ಕೂ ಅದರದೇ ಟ್ಯಾಗ್, ಅಂದರೆ ಗುರುತಿನ ಚೀಟಿ, ಹಾಕಿ ಕೊಡುತ್ತದೆ. ಆ ಟ್ಯಾಗ್ ಹಿಡಿದು ಫೋನ್ ದಾರಿ ತಪ್ಪದೆ ನಡೆಯುತ್ತದೆ. ತೊಂದರೆ ಏನು ಗೊತ್ತಾ? ನಮ್ಮ ಫೈಲಿನಲ್ಲಿ ಯಾವುದಕ್ಕೂ ಹೆಸರೇ ಇರಲಿಲ್ಲ. ತಲೆಬರಹ ಅಂದರೆ ಅಕ್ಷರ ದೊಡ್ಡದು, ಬೋಲ್ಡು, ಅಷ್ಟೆ. ಕಣ್ಣಿಗೆ ಅಷ್ಟು ಸಾಕು. ಕಿವಿಗೆ?

ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನಗಳಲ್ಲಿ ಇಬ್ಬರೂ ಕೂತು ಒಂದೊಂದಕ್ಕೂ ಹೆಸರಿಟ್ಟೆವು. ಕಾಫಿ ಕುಡಿದೆವು. ಜಗಳವನ್ನೂ ಆಡಿದೆವು. "ಉಪ್ಪು ರುಚಿಗೆ" ಅನ್ನುವುದು ಸಾಮಾನೋ, ಹಂತವೋ? (ನೀವೇ ಹೇಳಿ!) ಎಚ್ಚರಿಕೆ ಎಲ್ಲಿರಬೇಕೆಂದು ಫೋನಿನಲ್ಲಿ ತೀರ್ಮಾನ ಕೊಟ್ಟವರು ಸರೋಜಾ: "ಎಲ್ಲಕ್ಕಿಂತ ಮೊದಲು. ಕೈ ಪಾತ್ರೆಗೆ ಹೋಗೋ ಮೊದಲು."

ಹೋದ ಭಾನುವಾರ ಅಶ್ರಫ್ ಜೊತೆ ಮೂರ್ನಾಡಿಗೆ ಹೋಗಿದ್ದೆ. ನೆನೆಸಿದ ಕಣಿಲೆ ಸಿದ್ಧವಾಗಿತ್ತು. ಸರೋಜಾ ಹೊಸ ಪುಸ್ತಕ ತೆರೆದ ಫೋನನ್ನು ಕಿಟಕಿಗೆ ಒರಗಿಸಿಟ್ಟು ಒಲೆ ಹಚ್ಚಿದರು. ಬೆರಳು ಸವರಿದರೆ ಮುಂದಿನ ಹಂತ, ಹಿಂದಕ್ಕೆ ಸವರಿದರೆ ಬಿಟ್ಟುಹೋದ ಹಂತ. ದಿನೇಶ್ ಬಾಗಿಲಲ್ಲೇ ನಿಂತಿದ್ದರು.

ಒಗ್ಗರಣೆ ಚಟಪಟ ಅನ್ನುತ್ತಲೇ ಅವರು ಒಳಗೆ ಬಂದು ಗ್ಯಾಸಿನ ಕಡೆ ಕೈ ಚಾಚಿದರು.

"ರೀ, ಕೈ ತೆಗೀರಿ" ಅಂದರು ಸರೋಜಾ, ತಿರುಗದೆಯೇ. "ಈರುಳ್ಳಿ ಕೆಂಪಗಾಗೋದು ಬಾಕಿ ಇದೆ. ವಾಸನೆ ಬರ್ಲಿ."

ದಿನೇಶ್ ಕೈ ಹಿಂದೆ ತಗೊಂಡರು. ಆಮೇಲೆ ತಟ್ಟೆ ತೊಳೆಯಲು ಹೋದರು.

ಅಕ್ಕಿ ರೊಟ್ಟಿ, ಕಣಿಲೆ ಪಲ್ಯ. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. (ಅದು ಪುಸ್ತಕದ ತಪ್ಪಲ್ಲ ಅಂತ ಸರೋಜಾ ಅವರೇ ಹೇಳಿದರು.) ದಿನೇಶ್ ಎರಡು ಸಲ ಬಡಿಸಿಕೊಂಡು, "ನಾಳೆ ಬೆಳಿಗ್ಗೆ ಏನು ಮಾಡ್ತೀಯಾ?" ಅಂದರು. ಸರೋಜಾ ಫೋನ್ ಎತ್ತಿಕೊಂಡು ತಲೆಬರಹಗಳ ಮೇಲೆ ಬೆರಳು ಸವರತೊಡಗಿದರು.

ಈಗ ಅಶ್ರಫ್ ಅಂಗಡಿಗೆ ಯಾರು ಪುಸ್ತಕ ತಂದರೂ ಮುಖಪುಟದ ಬಣ್ಣದ ಮಾತು ಆಮೇಲೆ, ಹೆಸರಿಡುವ ಕೆಲಸ ಮೊದಲು. ಇದಕ್ಕೆ ಬೇಕಾಗುವುದು ದೊಡ್ಡ ಸಾಫ್ಟ್‌ವೇರ್ ಅಲ್ಲ, ಸ್ವಲ್ಪ ತಾಳ್ಮೆ.

ನಿಮ್ಮ ಶಾಲೆಯದೋ ಸಂಘದ್ದೋ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮೊದಲು, ಒಮ್ಮೆ ಕಣ್ಣು ಮುಚ್ಚಿ ಅದನ್ನು ಕೇಳಿ ನೋಡ್ತೀರಾ?