ಕಾಶಿಬಾಯಿ ಬಿಟ್ಟ ದ್ರಾಕ್ಷಿ

ನಮ್ಮ ಅತ್ತಿ ಕಾಶಿಬಾಯಿ ಈ ಸಲ ಚಾತುರ್ಮಾಸಕ್ಕ ದ್ರಾಕ್ಷಿ ಬಿಟ್ರು. ಕೇಳಿದ ಕೂಡ್ಲೆ ನನಗ ಸಿಟ್ಟು ನೆತ್ತಿಗೇರ್ತು. ಶೇಡಬಾಳದ ಬಸದಿಯೊಳಗ ಮುನಿ ಮಹಾರಾಜರು, ನಾಲಿಗಿಗೆ ಭಾಳ ಪ್ರೀತಿ ಇದ್ದದ್ದು ಒಂದು ಏನರ ದೀಪಾವಳಿ ತನಕ ಬಿಡ್ರಿ ಅಂದಿದ್ರು. ನಾ ಜಾಣಿ, ಬೆಂಡಿಕಾಯಿ ಬಿಟ್ಟೆ. ಅದು ನನಗ ಮೊದಲಿಂದಾನೂ ಸೇರೂದಿಲ್ಲ. ಇವ್ರು ನೋಡಿದ್ರ ಒಬ್ಬರ ಒಳಗ ಹೋಗಿ ಕೈಮುಗುದು ಬಂದು, ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಬಿಟ್ಟೆ ಅಂದ್ರು.

ಬ್ಯಾರೆ ಮನಿ ಆಗಿದ್ರ ಯಾರೂ ಕೇಳ್ತಿದ್ದಿಲ್ಲ. ನಮ್ಮದು ಒಣದ್ರಾಕ್ಷಿ ವ್ಯಾಪಾರದ ಮನಿ, ಮಾವ ಆಬಾಸಾಹೇಬರು ಹಾಕಿದ ಗಾದಿ. ಕಾಗವಾಡದ ಮಾಲಿನ ಹುಳಿ, ಅಥಣಿ ಮಾಲಿನ ಸಿಹಿ ಕೂಡಿಸಿ, ಪ್ರತಿ ವರ್ಷ ಅದ ರುಚಿ ಬರೂ ಹಂಗ ಬೆರಸೂದ ನಮ್ಮ ಕಸಬು. ಮಾವ ಹೋದ ಮ್ಯಾಲ ಗಾದಿ ಮ್ಯಾಲ ಕುಂತು ರುಚಿ ನೋಡಿ ಬೆರಸಾವ್ರು ಅತ್ತಿ ಒಬ್ಬರ. ಮಿರಜಿಯ ಕಾಕಾಸಾಹೇಬ ಶೇಟರು ದೀಪಾವಳಿಗೆ ನಮ್ಮ ಪೆಟ್ಟಿಗಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ. ರುಚಿ ಒಂಚೂರು ತಪ್ಪಿದ್ರ ಅವ್ರು ಬ್ಯಾರೆ ಬಾಗಿಲಿಗೆ ಹೋಗ್ತಾರ.

ನನ್ನ ಗಂಡ ಸಮ್ಮೇದ ಮೊಬೈಲ್ ಹಿಡಕೊಂಡು ಬಂದ. ಅದರಾಗ ಫ್ರಾನ್ಸಿನ ಹಳೇ ವೈನ್ ವ್ಯಾಪಾರದ ಮನಿ. ನೆಲಮಾಳಿಗ್ಯಾಗ ಸಾಲಾಗಿ ಮರದ ಪೀಪಾಯಿ. ಮುದುಕ ಒಬ್ಬ ಬ್ಯಾರೆ ಬ್ಯಾರೆ ತೋಟದ್ದು ಬೆರೆಸಿ, ಬಾಯಾಗ ಹಾಕ್ಕೊಂಡು, ಮುಕ್ಕಳಿಸಿ ಉಗುಳಿದ.

"ನೋಡ ಆಯಿ, ಅವರದೂ ನಮ್ಮಂಗ ಬೆರಸೂ ಮನಿ. ನುಂಗಂಗಿಲ್ಲ ಅವ್ರು. ನೀನೂ ರುಚಿ ನೋಡಿ ಉಗುಳು, ನೇಮ ಉಳೀತೈತಿ."

ಹೆಂಡದ ಮನಿ ತೋರಿಸಿದ್ದಕ್ಕ ಬೈತಾರ ಅಂತ ನಾ ಕಾಯ್ದೆ. ಅತ್ತಿ ಕಣ್ಣು ಕೀಲಿಸಿ ನೋಡಿದ್ರು. "ಅವನ ಬಾಜೂಕ ನಿಂತಾಕಿ ಯಾರು?"

"ಮಗಳಂತ. ಕಲಿಯಾಕತ್ತಾಳ."

"ಹಂಗೇನು," ಅಂದು ನನ್ನ ಕಡೆ ತಿರುಗಿದ್ರು. "ಬ್ರಾಹ್ಮಿ, ನಾಳಿಂದ ಗಾದಿ ಮ್ಯಾಲ ನೀ ಕೂಡು."

ಕುಂತೆ. ಅತ್ತಿ ಎದುರಿಗೆ ಕುಂತು ನನ್ನ ಮಾರಿ ನೋಡ್ತಿದ್ರು. ಒಂದು ಕಾಳೂ ಬಾಯಿಗೆ ಹಾಕಲಿಲ್ಲ. "ಕಣ್ಣು ಕಿರಿದು ಮಾಡಿದಿ, ಹುಳಿ ಹೆಚ್ಚಾತು. ಅಥಣಿದು ಹಾಕು." "ಲಗೂನ ನುಂಗಿದಿ, ಸಪ್ಪಗೈತಿ." ತಲಿ ಕೆಟ್ಟು ಒಂದಿನ ಜಗಳ ತಗದೆ. ನಿಮ್ಮ ಪುಣ್ಯಕ್ಕ ನಮ್ಮ ವ್ಯಾಪಾರ ಮುಳುಗಸಬ್ಯಾಡ್ರಿ ಅಂದೆ. ಅವ್ರು ನಕ್ಕು, ಇನ್ನೊಂದು ತಿನ್ನು ಅಂದ್ರು. ಹೊತ್ತು ಮುಳುಗಿದ ಮ್ಯಾಲ ನಾವು ಜೈನರು ತಿನ್ನಂಗಿಲ್ಲ, ಅದೊಂದ ನನಗ ಸೂಟಿ.

ಕಾಕಾಸಾಹೇಬರು ಬಂದ್ರು. ಅಂಗೈತುಂಬ ತಗೊಂಡು ನಿಧಾನಕ್ಕ ಅಗದ್ರು. ನಾ ಅವರ ಕಣ್ಣು, ಹುಬ್ಬು ನೋಡಕೋತ ಕುಂತೆ.

"ಕಾಶಿಬಾಯಿ, ನಿಮ್ಮ ಕೈ ಮಾಲು ಸುಳ್ಳಾಗಂಗಿಲ್ಲ ನೋಡ್ರಿ."

ಅತ್ತಿ ನನ್ನ ಕಡೆ ಬಟ್ಟು ಮಾಡಿ ತೋರಿಸಿದ್ರು. ಅವತ್ತು ನಾ ಊಟ ಸುದ್ದಾ ಮರ್ತೆ.

ದೀಪಾವಳಿಗೆ ನೇಮ ಮುಗೀತು. ಮೊದಲ ಕಾಳು ಅತ್ತಿ ಬಾಯಿಗೇ ಬೀಳಲಿ ಅಂತ ಗಡಿಬಿಡಿಲೆ ಬಟ್ಟಲ ತುಂಬಿ ಒಯ್ದೆ. ಅವ್ರು ಅಗದು, "ಭಾಳ ಚಲೋ ಕೂಡೇತಿ," ಅಂದ್ರು. ನಾನೂ ಒಂದು ಹಾಕ್ಕೊಂಡೆ. ಹಲ್ಲು ಜುಮ್ಮಂದ್ವು. ತಗದಿಟ್ಟಿದ್ದ ಹುಳಿ ಮಾಲಿನ ಬುಟ್ಟಿಗೆ ಕೈ ಹಾಕಿದ್ದೆ ನಾನು. ಅತ್ತಿ ಮಾರಿ ನೋಡಿದೆ. ಕಣ್ಣು ಕಿರಿದಾಗಿರಲಿಲ್ಲ, ಹುಬ್ಬು ಅಲುಗಿರಲಿಲ್ಲ.

"ಯಾವಾಗಿಂದ್ರಿ, ಅತ್ತಿ?"

ಅವರಿಗೆ ತಿಳೀತು. "ಬ್ಯಾಸಗಿ ಜ್ವರದಿಂದ. ಉಪ್ಪೂ ಗೊತ್ತಾಗಂಗಿಲ್ಲ."

"ಮತ್ತ ಮಹಾರಾಜರ ಮುಂದ ದ್ರಾಕ್ಷಿ ಬಿಟ್ಟೀನಿ ಅಂದ್ರಲ್ಲ?"

"ಅವರಿಗೆ ಖರೇನ ಹೇಳೀನಿ. ನಾಲಿಗಿ ತಾನ ನನ್ನ ಬಿಟ್ಟೈತಿ, ನಾ ಬಿಡೂದು ಗಾದಿ ಅಂದೆ. ಭಾಳ ತ್ರಾಸ ಆತವ್ವ ಬಿಡಾಕ."

ನನಗ ಅಳು ತಡೀಲಿಲ್ಲ. ಬೆಂಡಿಕಾಯಿ ಬಿಟ್ಟ ಪುಣ್ಯವಂತಿ ನಾನು. ಅತ್ತಿ ಬಟ್ಟಲ ನನ್ನ ಕಡೆ ಸರಿಸಿದ್ರು.

"ಹೆಂಗೈತಿ, ನೀ ಹೇಳು."

"ಹುಳಿ ಐತ್ರಿ," ಅಂದೆ.